ಲಿವೋರ್ನೊ, ಚಿವಿತಾವೆಕ್ಕಿಯಾ, ನೇಪಲ್ಸ್: ಹಡಗಿನವರ ಪ್ರವಾಸ ಕೊಳ್ಳಬೇಕೆ, ನಾವೇ ಹೋಗಿಬರಬೇಕೆ?

ಕಬಿನಿತೀರ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರ ನಮ್ಮ ಮನೆಯ ಐವರು ಬಾರ್ಸಿಲೋನಾದಿಂದ ಹೊರಡುವ ಏಳು ರಾತ್ರಿಗಳ ಕ್ರೂಸ್‌ಗೆ ಹೋಗುವುದು ನಿಶ್ಚಯವಾಗಿದೆ. ಭಾನುವಾರ ಹಡಗು ಹತ್ತಿದರೆ ಸೋಮವಾರ ಮಾರ್ಸೇಯ್, ಮಂಗಳವಾರ ಲಿವೋರ್ನೊ, ಬುಧವಾರ ಚಿವಿತಾವೆಕ್ಕಿಯಾ, ಗುರುವಾರ ನೇಪಲ್ಸ್, ಶುಕ್ರವಾರ ಪೂರ್ತಿ ಸಮುದ್ರ, ಶನಿವಾರ ಪಾಲ್ಮಾ. ಇಟಲಿಯ ಮೂರೂ ಬಂದರುಗಳಲ್ಲಿ ಹಡಗು ಬೆಳಿಗ್ಗೆ 7ಕ್ಕೆ ತಲುಪಿ ಸಂಜೆ 7ಕ್ಕೆ ಹೊರಡುತ್ತದೆ.

ಅಪ್ಪನಿಗೆ 71 ವರ್ಷ, ಗಟ್ಟಿಮುಟ್ಟಾಗಿದ್ದಾರೆ. ಅಮ್ಮನಿಗೆ 66, ಮಂಡಿನೋವಿನಿಂದಾಗಿ ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಒಂದೆರಡು ಕಿಲೋಮೀಟರ್ ನಡೆಯಬಲ್ಲರೇ ಹೊರತು ಮೆಟ್ಟಿಲು ಹತ್ತಲಾರರು. ಮಗಳಿಗೆ 10. ಅಪ್ಪನಿಗೆ ವ್ಯಾಟಿಕನ್ ಮತ್ತು ಕೊಲೋಸಿಯಂ ಎರಡನ್ನೂ ನೋಡುವ ಹಂಬಲ, ನಮ್ಮವರಿಗೆ ನೇಪಲ್ಸ್‌ನಿಂದ ಒಂದೇ ದಿನದಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪುರಾತನ ಊರು ಪೊಂಪೇ ಮತ್ತು ಕ್ಯಾಪ್ರಿ ದ್ವೀಪ ಎರಡನ್ನೂ ಮುಗಿಸುವ ಆಸೆ. ಹಡಗಿನವರ ಪಟ್ಟಿಯಲ್ಲಿ ಎಲ್ಲವೂ ಇದೆ, ಆದರೆ ಐವರ ಲೆಕ್ಕ ಹಾಕಿದರೆ ಈ ಮೂರು ದಿನಗಳ ಖರ್ಚೇ ಒಂದು ವಿಮಾನ ಟಿಕೆಟ್ಟಿನ ಬೆಲೆಯನ್ನು ಮೀರುತ್ತದೆ. ಸ್ವಂತವಾಗಿ ಹೋದರೆ ಹಡಗು ತಪ್ಪೀತೆಂಬ ಭಯ. ಹೋಗಿಬಂದವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ನಕ್ಷೆಪುಸ್ತಕ:
ಕಬಿನಿತೀರ ಅವರೇ, ಈ ಪ್ರಶ್ನೆಯನ್ನು ಇಡೀ ಕ್ರೂಸ್‌ಗೆ ಸೇರಿಸಿ ಒಟ್ಟಿಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ಬಂದರಿಗೂ ಬೇರೆಬೇರೆಯಾಗಿ ಕೇಳಬೇಕು. ನೋಡಬೇಕಾದ ಸ್ಥಳ ಹಡಗುಕಟ್ಟೆಯಿಂದ ಎಷ್ಟು ದೂರ, ಮತ್ತು ನಡುವಿನ ದಾರಿ ಕೈಕೊಟ್ಟರೆ ಬೇರೆ ದಾರಿ ಇದೆಯೇ, ಇವೆರಡೇ ನಿರ್ಣಾಯಕ ಸಂಗತಿಗಳು.

ಮೊದಲು ಹೊತ್ತಿನ ಲೆಕ್ಕ. 7ಕ್ಕೆ ತಲುಪುವುದು ಎಂದರೆ ನೀವು 7ಕ್ಕೆ ಇಳಿಯುತ್ತೀರಿ ಎಂದಲ್ಲ. ಹಡಗು ಕಟ್ಟಿ, ಬಂದರಿನ ಅನುಮತಿ ದೊರೆತು, ಸಾಲು ಕರಗಿ ಹೊರಗೆ ಕಾಲಿಡುವಾಗ ಎಂಟರ ಹತ್ತಿರ ಬಂದಿರುತ್ತದೆ. ಅದೇ ರೀತಿ 7ಕ್ಕೆ ಹೊರಡುವ ಹಡಗು ನಿಮ್ಮನ್ನು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಮುಂಚೆಯೇ ಒಳಗೆ ಬಯಸುತ್ತದೆ. ಹೀಗಾಗಿ ಹನ್ನೆರಡು ಗಂಟೆಯಂತೆ ಕಾಣುವ ನಿಲುಗಡೆ ನಿಜದಲ್ಲಿ ಹತ್ತು ಗಂಟೆಯದು. ಮರಳುವ ಗಳಿಗೆಯಿಂದ ಹಿಮ್ಮುಖವಾಗಿ ಲೆಕ್ಕ ಹಾಕುತ್ತಾ ಬನ್ನಿ. ಪ್ರಯಾಣ ಕಳೆದು ಉಳಿದದ್ದು ಎಷ್ಟೋ ಅಷ್ಟೇ ನಿಮ್ಮ ದಿನ.

ಈ ಲೆಕ್ಕದಲ್ಲಿ ನೇಪಲ್ಸ್ ಅತ್ಯಂತ ಉದಾರವಾದ ಬಂದರು, ಏಕೆಂದರೆ ಹಡಗಿನಿಂದ ಇಳಿದರೆ ಎದುರಿಗೇ ಕೋಟೆಯೂ ನಗರವೂ ಇವೆ. ಲಿವೋರ್ನೊದಿಂದ ಪೀಸಾ ಹತ್ತಿರ, ಫ್ಲಾರೆನ್ಸ್ ದೂರ. ಚಿವಿತಾವೆಕ್ಕಿಯಾವನ್ನು ಪಟ್ಟಿಯಲ್ಲಿ ‘ರೋಮ್’ ಎಂದೇ ಬರೆಯುತ್ತಾರಾದರೂ ಅಲ್ಲಿಂದ ರೋಮ್‌ಗೆ ಸುಮಾರು 80 ಕಿಲೋಮೀಟರ್ ಇದೆ. ಆದ್ದರಿಂದ ರೋಮ್‌ಗೆ ಹಡಗಿನವರ ಬಸ್ಸು, ನೇಪಲ್ಸ್‌ನಲ್ಲಿ ಸ್ವಂತ ತಿರುಗಾಟ, ಲಿವೋರ್ನೊದಲ್ಲಿ ನಿಮ್ಮ ಆಯ್ಕೆಗೆ ತಕ್ಕಂತೆ, ಇದು ನನ್ನ ಸಲಹೆ.

ಬಿಳಿಗಿರಿ:
ನಕ್ಷೆಪುಸ್ತಕ ಅವರ ಲೆಕ್ಕದ ಕ್ರಮವನ್ನು ಒಪ್ಪುತ್ತೇನೆ, ರೋಮ್ ಬಗೆಗಿನ ತೀರ್ಮಾನವನ್ನು ಒಪ್ಪಲಾರೆ. ಚಿವಿತಾವೆಕ್ಕಿಯಾದಿಂದ ರೋಮ್‌ಗೆ ಪ್ರಾದೇಶಿಕ ರೈಲುಗಳು ದಿನವಿಡೀ ಓಡುತ್ತವೆ. ಬಂದರಿನ ಬಸ್ಸು ಹಡಗಿನ ಬಳಿಯಿಂದ ಲಾರ್ಗೊ ಡೆಲ್ಲಾ ಪಾಚೆ ಎಂಬ ನಿಲ್ದಾಣಕ್ಕೆ ತಲುಪಿಸುತ್ತದೆ, ಅಲ್ಲಿಂದ ರೈಲು ನಿಲ್ದಾಣಕ್ಕೆ ಬೇರೆ ಬಸ್ಸಿದೆ. ವ್ಯಾಟಿಕನ್‌ಗಾದರೆ ರೋಮಾ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆಯಬೇಕು, ಕೊಲೋಸಿಯಂಗಾದರೆ ಓಸ್ತಿಯೆನ್ಸೆಯಲ್ಲಿ ಇಳಿದು ಪಕ್ಕದ ಪಿರಾಮಿಡೆ ಮೆಟ್ರೋ ನಿಲ್ದಾಣದಿಂದ ಎರಡನೆಯ ನಿಲ್ದಾಣದಲ್ಲಿ ಇಳಿದರೆ ಸಾಕು. ಹಡಗಿನವರ ದರದ ಒಂದು ಸಣ್ಣ ಪಾಲಿನಲ್ಲಿ ಇಡೀ ಕುಟುಂಬ ಹೋಗಿಬರಬಹುದು. ಕಾಗದದ ಟಿಕೆಟ್ ತೆಗೆದುಕೊಂಡರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬಾರದು; ಮರೆತವರಿಗೆ ದಂಡ ಬೀಳುತ್ತದೆ.

ನಲವತ್ತು ಜನರ ಗುಂಪಿನಲ್ಲಿ ಅಂಕಿಯ ಹಲಗೆ ಎತ್ತಿ ಹಿಡಿದವರ ಬೆನ್ನು ಹತ್ತಿ, ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ಗೈಡ್ ಹೇಳುವುದನ್ನು ಅರ್ಧಂಬರ್ಧ ಕೇಳುತ್ತಾ ಓಡುವುದಕ್ಕಿಂತ ಇದು ಮೇಲು.

ತೊರಿನೊದಿಂದ:
ನಾನು ಇಲ್ಲಿ ಇಟಲಿಯಲ್ಲೇ ಇರುವುದರಿಂದ ಒಂದು ವಿಷಯ ಸೇರಿಸುತ್ತೇನೆ. ರೈಲಿನ ಬಗ್ಗೆ ಬಿಳಿಗಿರಿ ಅವರು ಬರೆದದ್ದೆಲ್ಲವೂ ಸರಿಯಾಗಿದೆ, ಆದರೆ ಮುಷ್ಕರದ ದಿನ ಮಾತ್ರ ಅದು ತಲೆಕೆಳಗಾಗುತ್ತದೆ. ಇಟಲಿಯಲ್ಲಿ ಸಾರಿಗೆ ಮುಷ್ಕರ ಅಪರೂಪವೇನಲ್ಲ; ಮೊದಲೇ ಘೋಷಿಸಿಯೇ ಮಾಡುತ್ತಾರೆ, ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ದಿನಾಂಕಗಳ ಪಟ್ಟಿಯೂ ಇರುತ್ತದೆ. ಕಾನೂನಿನ ಪ್ರಕಾರ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಅಗತ್ಯ ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು. ಇದು ಕಚೇರಿಗೆ ಹೋಗಿಬರುವವರ ಅನುಕೂಲಕ್ಕೆ ಮಾಡಿದ ನಿಯಮ. ಕ್ರೂಸ್ ಪ್ರಯಾಣಿಕರ ಪಾಲಿಗೆ ಇದರ ಪರಿಣಾಮ ವಿಚಿತ್ರವಾದುದು: ಬೆಳಿಗ್ಗೆ ಎಂಟೂವರೆಯ ರೈಲು ಏನೂ ಆಗಿಲ್ಲವೆಂಬಂತೆ ನಿಮ್ಮನ್ನು ರೋಮ್‌ಗೆ ತಂದುಬಿಡುತ್ತದೆ, ಮಧ್ಯಾಹ್ನ ಮೂರೂವರೆಗೆ ಹಿಂದಿರುಗಬೇಕೆಂದರೆ ನಿಲ್ದಾಣದ ಫಲಕದಲ್ಲಿ ಸಾಲುಸಾಲಾಗಿ ರದ್ದು ಎಂದಿರುತ್ತದೆ, ಖಾತ್ರಿಯ ರೈಲು ಹೊರಡುವ 6ರ ಹೊತ್ತಿಗೆ ನಿಮ್ಮ ಹಡಗಿನಲ್ಲಿ ಹಾಜರಿ ಮುಗಿಯುತ್ತಾ ಬಂದಿರುತ್ತದೆ. ಆಗ ಉಳಿಯುವುದು ಟ್ಯಾಕ್ಸಿ ಮಾತ್ರ, ಅದೇ ಉಪಾಯವನ್ನು ಸಾವಿರ ಜನ ಒಟ್ಟಿಗೆ ಹೂಡಿರುತ್ತಾರೆ.

ಆದ್ದರಿಂದ ರೈಲು ಬೇಡವೆನ್ನುತ್ತಿಲ್ಲ. ಹೊರಡುವ ಹಿಂದಿನ ವಾರ ಆ ಪಟ್ಟಿಯನ್ನು ನೋಡಿ, ಬುಧವಾರ ಅದರಲ್ಲಿ ಇಲ್ಲದಿದ್ದರೆ ಮಾತ್ರ ರೈಲಿನ ಮಾತು.

ಇನ್ನು ನಿಮ್ಮ ಬುಧವಾರವೇ ಒಂದು ತೊಡಕು. ಪೋಪ್ ರೋಮ್‌ನಲ್ಲಿದ್ದರೆ ಬುಧವಾರ ಬೆಳಿಗ್ಗೆ ಸಂತ ಪೀಟರ್ ಚೌಕದಲ್ಲಿ ಸಾರ್ವಜನಿಕ ದರ್ಶನ ನಡೆಯುತ್ತದೆ. ಅದು ಮುಗಿಯುವವರೆಗೆ, ಅಂದರೆ ಮಧ್ಯಾಹ್ನದವರೆಗೆ, ಸಾಮಾನ್ಯ ಪ್ರವಾಸಿಗರಿಗೆ ಅಲ್ಲಿನ ಬೆಸಿಲಿಕಾದೊಳಗೆ, ಅಂದರೆ ದೊಡ್ಡ ಚರ್ಚಿನೊಳಗೆ, ಪ್ರವೇಶವಿರುವುದಿಲ್ಲ. ಪೋಪರನ್ನು ದೂರದಿಂದ ಕಾಣುವ ಇಚ್ಛೆ ತಂದೆಯವರಿಗಿದ್ದರೆ ಅದೇ ಒಂದು ಭಾಗ್ಯ. ಕಟ್ಟಡ ನೋಡುವುದೇ ಉದ್ದೇಶವಾದರೆ ಬೆಳಗಿನ ಹೊತ್ತು ಹಾಳಾಗುತ್ತದೆ.

ಕಬಿನಿತೀರ:
ಮುಷ್ಕರದ ವಿಷಯ ನಮಗೆ ಹೊಳೆದೇ ಇರಲಿಲ್ಲ. ಹಡಗಿನವರ ಪಟ್ಟಿಯಲ್ಲಿ ಗೈಡ್ ಇಲ್ಲದ, ಬರೀ ಹೋಗಿಬರುವ ಬಸ್ಸಿನ ಆಯ್ಕೆಯೂ ಒಂದಿದೆ. ಅದನ್ನು ತೆಗೆದುಕೊಂಡರೂ ಹಡಗು ನಮಗಾಗಿ ಕಾಯುತ್ತದೆಯೇ? ವ್ಯಾಟಿಕನ್ ಬಿಟ್ಟು ಕೊಲೋಸಿಯಂ ಒಂದನ್ನೇ ಇಟ್ಟುಕೊಂಡರೆ ಅಮ್ಮನಿಗೆ ಸಾಧ್ಯವಾದೀತೆ?

ನಕ್ಷೆಪುಸ್ತಕ:
ಆ ಬಸ್ಸು ಕೂಡ ಹಡಗಿನವರು ಮಾರುವ ಪ್ರವಾಸವೇ ಆದ್ದರಿಂದ ದಾರಿಯಲ್ಲಿ ವಾಹನ ಸಿಕ್ಕಿಬಿದ್ದು ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಅವರೇ ಹೊರುತ್ತಾರೆ. ಆದರೆ ನೀವು ಬಸ್ಸು ಹೊರಡುವ ಸ್ಥಳಕ್ಕೇ ತಡವಾಗಿ ಬಂದರೆ ಬಸ್ಸು ನಿಮಗಾಗಿ ನಿಲ್ಲುವುದಿಲ್ಲ, ಈ ವ್ಯತ್ಯಾಸವನ್ನು ಹಲವರು ಗಮನಿಸುವುದಿಲ್ಲ. ಇನ್ನೊಂದು ಅನುಕೂಲವೂ ಇದೆ: ಗಾಳಿ ಜೋರಾಗಿ ಹಡಗು ಆ ಬಂದರಿಗೆ ಹೋಗದೆ ಮುಂದೆ ಸಾಗಿದರೆ ಅವರಿಂದ ಕೊಂಡ ಪ್ರವಾಸದ ಹಣ ಹಿಂದಿರುಗುತ್ತದೆ. ನೀವೇ ಕೊಂಡ ಕೊಲೋಸಿಯಂ ಟಿಕೆಟ್ಟಿನ ಹಣದ ಆಸೆಯನ್ನು ಬಿಡಬೇಕಾಗುತ್ತದೆ.

ನಿಮ್ಮ ಕುಟುಂಬಕ್ಕೆ ಆ ಬಸ್ಸೇ ಯೋಗ್ಯವೆಂದು ನನಗನ್ನಿಸುತ್ತದೆ. ದೊಡ್ಡ ಬಸ್ಸುಗಳಿಗೆ ರೋಮ್‌ನ ಹಳೆಯ ನಡುನಗರದೊಳಗೆ ಹೋಗುವುದಕ್ಕೆ ನಿರ್ಬಂಧವಿದೆ, ಆದ್ದರಿಂದ ಇಳಿಸುವ ಜಾಗ ಯಾವುದೆಂದು ಮೊದಲೇ ಕೇಳಿಕೊಂಡು ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ.

ತೊರಿನೊದಿಂದ:
ಕೊಲೋಸಿಯಂ ಒಳಗೆ ಲಿಫ್ಟ್ ಇದೆ, ಆದ್ದರಿಂದ ತಾಯಿಯವರು ಮೇಲಿನ ಹಂತವನ್ನೂ ನೋಡಬಹುದು. ಕಷ್ಟವಿರುವುದು ಪಕ್ಕದ ರೋಮನ್ ಫೋರಂನಲ್ಲಿ, ಅಂದರೆ ಪುರಾತನ ನಗರದ ನಡುಚೌಕದ ಅವಶೇಷಗಳಲ್ಲಿ. ಅಲ್ಲಿ ಹಾಸಿರುವ ಪುರಾತನ ಕಲ್ಲುಗಳು ಉಬ್ಬುತಗ್ಗಾಗಿವೆ, ಮಂಡಿನೋವಿನವರಿಗೆ ಒಂದೊಂದು ಹೆಜ್ಜೆಯೂ ಲೆಕ್ಕ ಹಾಕಿ ಇಡಬೇಕಾದೀತು. ಕ್ಯಾಪಿಟೋಲೈನ್ ಬೆಟ್ಟದ ಹಿಂಬದಿಯಲ್ಲಿ ನಿಂತರೆ ಇಡೀ ಫೋರಂ ಕೆಳಗೆ ಹರಡಿಕೊಂಡು ಕಾಣುತ್ತದೆ, ಟಿಕೆಟ್ ಬೇಕಿಲ್ಲ. ಟ್ಯಾಕ್ಸಿಯಲ್ಲಿ ಸಾಧ್ಯವಾದಷ್ಟು ಹತ್ತಿರ ಹೋಗಿ ಇಳಿದುಕೊಂಡರೆ ಅವರಿಗೆ ಅಷ್ಟು ಸಾಕು. ಅಲ್ಲಿಂದ ಪುರಾತನ ರೋಮನ್ ದೇಗುಲವಾದ ಪ್ಯಾಂಥಿಯಾನ್. ಸುಮಾರು ಒಂಬೈನೂರು ವರ್ಷದ ಬೇಲೂರನ್ನು ಹಳೆಯದೆಂದು ತಿಳಿದಿರುವ ನಮಗೆ, ಹತ್ತೊಂಬತ್ತು ಶತಮಾನಗಳಾದರೂ ಮೇಲ್ಛಾವಣಿ ಉಳಿಸಿಕೊಂಡಿರುವ ಆ ಗುಮ್ಮಟದಡಿ ನಿಲ್ಲುವುದು ಮರೆಯಲಾಗದ ಅನುಭವ. ಅಲ್ಲಿ 2023ರ ಜುಲೈನಿಂದ ಪ್ರವೇಶ ಶುಲ್ಕವಿದೆ.

ಕೊಲೋಸಿಯಂ ಟಿಕೆಟ್ಟಿನ ಮೇಲೆ ಹೆಸರೂ ಸಮಯವೂ ಇರುತ್ತವೆ. ಅಧಿಕೃತ ಮಾರಾಟ ಸುಮಾರು ಮೂವತ್ತು ದಿನ ಮುಂಚೆ ತೆರೆಯುತ್ತದೆ, ಬೇಗನೆ ಖಾಲಿಯಾಗುತ್ತದೆ. ನಿಮ್ಮ ಮಗಳಿಗೆ ಉಚಿತ, ಆದರೂ ಅವಳ ಹೆಸರಿನ ಟಿಕೆಟ್ ತೆಗೆಯಲೇಬೇಕು. ಬಸ್ಸು ತಡವಾಗುವ ಸಾಧ್ಯತೆಯನ್ನು ಗಮನದಲ್ಲಿಟ್ಟುಕೊಂಡು ಹನ್ನೊಂದೂವರೆಗಿಂತ ಮೊದಲಿನ ಸಮಯವನ್ನು ಆರಿಸಿಕೊಳ್ಳಬೇಡಿ.

ಹಳದಿಕೊಡೆ:
ನೇಪಲ್ಸ್ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಹಡಗಿನವರ ಅರ್ಧ ದಿನದ ಪೊಂಪೇ ಪ್ರವಾಸದಲ್ಲಿ ನಾವು ಹೋಗಿದ್ದೆವು. ಬಸ್ಸು ಮೊದಲು ನಿಂತದ್ದು ಒಂದು ಕ್ಯಾಮಿಯೋ (ಚಿಪ್ಪಿನಲ್ಲಿ ಕೆತ್ತಿದ ಉಬ್ಬುಚಿತ್ರದ ಒಡವೆ) ಕಾರ್ಖಾನೆಯ ಮುಂದೆ. ವೆಸುವಿಯಸ್ ಜ್ವಾಲಾಮುಖಿಯ ಬುಡದ ತೋರೆ ದೆಲ್ ಗ್ರೆಕೊ ಊರು ಹವಳ ಮತ್ತು ಶಂಖದ ಕೆತ್ತನೆಗೆ ಹೆಸರುವಾಸಿ. ಬಾಗಿಲ ಬಳಿಯ ಮೇಜಿನಲ್ಲಿ ದೀಪದಡಿ ಕುಳಿತ ಕುಶಲಕರ್ಮಿಯೊಬ್ಬರು ಕೋಲಿನ ತುದಿಗೆ ಅಂಟಿಸಿದ ಚಿಪ್ಪಿನ ತುಣುಕನ್ನು ಸಣ್ಣ ಉಳಿಯಿಂದ ಹೆರೆಯುತ್ತಾ, ಕಂದು ಪದರದ ಮೇಲೆ ಬಿಳಿಯ ಮುಖವೊಂದನ್ನು ಉಳಿಸುತ್ತಿದ್ದರು. ನಿಜಕ್ಕೂ ನೋಡತಕ್ಕದ್ದೇ. ಆದರೆ ಐದು ನಿಮಿಷದ ಆ ಪ್ರದರ್ಶನ ಮುಗಿದೊಡನೆ ಎಲ್ಲರನ್ನೂ ಒಳಗಿನ ಮಳಿಗೆಗೆ ಸಾಗಿಸಿ, ಬಸ್ಸಿನ ಬಾಗಿಲು ತೆರೆಯದೆ ಮುಕ್ಕಾಲು ಗಂಟೆ ಕಾಯಿಸಿದರು. ಪೊಂಪೇಯೊಳಗೆ ನಮಗೆ ದೊರೆತದ್ದು ಎರಡು ಗಂಟೆಗಿಂತ ಕಡಿಮೆ. ಪ್ರವಾಸದ ವಿವರಣೆಯಲ್ಲಿ ‘ಸ್ಥಳೀಯ ಕರಕುಶಲ ಕೇಂದ್ರಕ್ಕೆ ಭೇಟಿ’ ಎಂಬ ಸಾಲಿದ್ದರೆ ಅದು ಅಂಗಡಿಯೇ ಎಂದು ತಿಳಿಯಿರಿ.

ಪೊಂಪೇ ದೊಡ್ಡ ಊರು. ಒಟ್ಟು ಸುಮಾರು 66 ಹೆಕ್ಟೇರ್, ಅದರಲ್ಲಿ ಮೂರನೇ ಒಂದು ಭಾಗ ಇನ್ನೂ ಮಣ್ಣಿನಡಿಯೇ ಇದೆ. ಉಳಿದ ಎರಡು ಭಾಗವನ್ನು ನೋಡುವುದಕ್ಕೂ ಅರ್ಧ ದಿನ ಎಲ್ಲಿಯೂ ಸಾಲದು; ಹಂಪಿಯ ಬಯಲಿನಲ್ಲಿ ನಡುಮಧ್ಯಾಹ್ನ ನಡೆದವರಿಗೆ ಅಲ್ಲಿನ ಬಿಸಿಲಿನ ಅಂದಾಜಿರುತ್ತದೆ, ನೆರಳು ಅಷ್ಟೇ ಕಡಿಮೆ. ಬೀದಿಗಳ ಹಾಸುಗಲ್ಲಿನಲ್ಲಿ ಗಾಡಿಚಕ್ರಗಳು ಕೊರೆದ ಗೆರೆಗಳಿವೆ, ರಸ್ತೆ ದಾಟಲು ಇಟ್ಟಿರುವ ಎತ್ತರದ ಕಲ್ಲುಗಳಿವೆ. ನೋಡಲು ಸೊಗಸು, ನಿಮ್ಮ ತಾಯಿಯವರಿಗೆ ನಡೆಯಲು ಕಷ್ಟ. ನಡೆದಾಡಲು ತೊಂದರೆ ಇರುವವರಿಗಾಗಿಯೇ ಪಿಯಾಜ್ಜಾ ಆಂಫಿತೆಯಾತ್ರೊ ಪ್ರವೇಶದ್ವಾರದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಸುಗಮ ಮಾರ್ಗವೊಂದನ್ನು ಮಾಡಿದ್ದಾರೆ. ಪೊಂಪೇಯೇ ಬೇಕೆಂದರೆ ಆ ದಾರಿ ಹಿಡಿಯಿರಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಿ ಟಿಕೆಟ್ಟಿನಲ್ಲಿ ಹೆಸರು ನಮೂದಿಸುತ್ತಿರುವುದರಿಂದ ಬಾಗಿಲಿಗೆ ಹೋಗಿ ನೋಡೋಣ ಎನ್ನುವ ಕಾಲ ಹೋಯಿತು.

ನನ್ನನ್ನು ಕೇಳಿದರೆ ಹರ್ಕ್ಯುಲೇನಿಯಂಗೆ ಹೋಗಿ. ಅದೂ ಕ್ರಿ.ಶ. 79ರಲ್ಲಿ ಪೊಂಪೇಯನ್ನು ಹೂತ ಅದೇ ವೆಸುವಿಯಸ್ ಸ್ಫೋಟಕ್ಕೆ ಸಿಕ್ಕಿದ ಊರು, ಆದರೆ ಪೊಂಪೇಯ ಮೇಲೆ ಮೊದಲು ಬೂದಿ, ನೊರೆಗಲ್ಲುಗಳು ಸುರಿದು ಛಾವಣಿಗಳು ಕುಸಿದರೆ, ಇಲ್ಲಿ ಕುದಿಯುವ ಅನಿಲ ಮತ್ತು ಬೂದಿಯ ಪ್ರವಾಹ ಬೆಟ್ಟದಿಂದಿಳಿದು ಊರನ್ನು ಸುಮಾರು 20 ಮೀಟರ್ ಆಳಕ್ಕೆ ಮುಚ್ಚಿ ಗಟ್ಟಿಯಾಯಿತು. ಆ ಬಿಸಿಗೆ ಮರ ಉರಿದುಹೋಗದೆ ಇದ್ದಿಲಾಗಿ ಉಳಿಯಿತು. ನೆಪ್ಚೂನ್ ಮತ್ತು ಆಂಫಿಟ್ರಿಟೆಯ ಮೊಸಾಯಿಕ್ ಇರುವ ಮನೆಗೆ ಅಂಟಿಕೊಂಡ ಅಂಗಡಿಯೊಳಗೆ ಇಣುಕಿದರೆ, ಕಪ್ಪಾದ ಮರದ ಅಟ್ಟಣಿಗೆಯ ಮೇಲೆ ಮದ್ಯದ ಮಣ್ಣಿನ ಕೊಡಗಳು ಇಟ್ಟವರು ಇಟ್ಟಂತೆಯೇ ಒರಗಿಕೊಂಡಿವೆ. ಮಗಳಿಗೆ ಪೊಂಪೇಯ ವಿಸ್ತಾರಕ್ಕಿಂತ ಇದು ಹೆಚ್ಚು ನೆನಪಿರುತ್ತದೆ. ಅಗೆದ ಭಾಗ ಚಿಕ್ಕದು, ಎರಡೂವರೆ ಗಂಟೆಯಲ್ಲಿ ನಿಧಾನವಾಗಿ ನೋಡಿ ಮುಗಿಸಬಹುದು.

ಚಿರ್ಕುಮ್‌ವೆಸುವಿಯಾನಾ ರೈಲಿನಲ್ಲಿ ಎರ್ಕೊಲಾನೊ ಸ್ಕಾವಿ ನಿಲ್ದಾಣ ಇಪ್ಪತ್ತು ನಿಮಿಷದ ಹಾದಿ. ರೈಲುಗಳು ಹಳೆಯವು, ನೂಕುನುಗ್ಗಲು ಹೆಚ್ಚು, ಜೇಬುಗಳ್ಳರಿದ್ದಾರೆ. ನಿಲ್ದಾಣದಿಂದ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ಸ್ಥಳ ಸಿಗುತ್ತದೆ, ಬರುವಾಗ ಅದೇ ದಾರಿ ಏರು. ಆದ್ದರಿಂದ ನೀವು ಟ್ಯಾಕ್ಸಿಯಲ್ಲೇ ಹೋಗಿ. ನೇಪಲ್ಸ್‌ನ ಅಧಿಕೃತ ಟ್ಯಾಕ್ಸಿಗಳಿಗೆ ಇಂತಹ ಸ್ಥಳಗಳಿಗೆ ನಿಗದಿತ ದರಪಟ್ಟಿ ಇದೆ, ಅದರಂತೆಯೇ ಬರಬೇಕೆಂದು ಹತ್ತುವ ಮೊದಲೇ ಹೇಳಬೇಕು. ನೀವು ಐವರಿರುವುದರಿಂದ ದೊಡ್ಡ ಗಾಡಿ ಕೇಳಬೇಕಾಗುತ್ತದೆ.

ಬಿಳಿಗಿರಿ:
ಹರ್ಕ್ಯುಲೇನಿಯಂ ಸಲಹೆಗೆ ನನ್ನ ಪೂರ್ಣ ಸಹಮತವಿದೆ. ಕ್ಯಾಪ್ರಿಯ ಬಗ್ಗೆ ಎರಡು ಮಾತು. ವೇಗದ ದೋಣಿ ಹೊರಡುವ ಮೋಲೊ ಬೆವೆರೆಲ್ಲೊ ನಿಮ್ಮ ಹಡಗುಕಟ್ಟೆಯ ಪಕ್ಕದಲ್ಲೇ ಇದೆ, ಒಂದು ಗಂಟೆಯೊಳಗೆ ದ್ವೀಪ ತಲುಪುತ್ತದೆ. ಕೇಳಲು ಸುಲಭವೆನಿಸುತ್ತದೆ. ಆದರೆ ಗಾಳಿ ಎದ್ದರೆ ಆ ದೋಣಿಗಳು ನಿಲ್ಲುತ್ತವೆ, ದ್ವೀಪದಿಂದ ಬರಲು ರಸ್ತೆಯಿಲ್ಲ. ನೀಲಿ ಗುಹೆಯೂ ಅಲೆ ಜೋರಿದ್ದರೆ ಮುಚ್ಚಿರುತ್ತದೆ. ರೈಲಿನ ಪರವಾಗಿ ವಾದಿಸಿದ ನಾನೇ ಹೇಳುತ್ತಿದ್ದೇನೆ, ಕ್ಯಾಪ್ರಿಗೆ ಹೋಗಲೇಬೇಕಾದರೆ ಹಡಗಿನವರ ಪ್ರವಾಸದಲ್ಲೇ ಹೋಗಿ, ಅದನ್ನೊಂದನ್ನೇ ಇಟ್ಟುಕೊಳ್ಳಿ. ಪೊಂಪೇ, ಸೊರೆಂಟೊ, ಅಮಾಲ್ಫಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ ಪ್ರವಾಸಗಳೂ ಪಟ್ಟಿಯಲ್ಲಿರುತ್ತವೆ. ಅವುಗಳಲ್ಲಿ ನಿಮಗೆ ಕಾಣುವುದು ಹೆಚ್ಚಾಗಿ ಮುಂದಿನ ಬಸ್ಸಿನ ಹಿಂಭಾಗ.

ಅಘನಾಶಿನಿ:
ನಮ್ಮ ಮಾರ್ಗ ಬೇರೆಯಾಗಿದ್ದರೂ ನಕ್ಷೆಪುಸ್ತಕ ಅವರ ಮಾತಿಗೆ ಪೂರಕವಾಗಿ ಬರೆಯುತ್ತಿದ್ದೇನೆ. ದೂರವೊಂದೇ ಅಳತೆಗೋಲಲ್ಲ. ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದಲ್ಲಿ ದೊಡ್ಡ ಹಡಗು ಕಟ್ಟೆಗೆ ಬರುವುದಿಲ್ಲ, ಟೆಂಡರ್ ಎಂಬ ಸಣ್ಣ ದೋಣಿಯಲ್ಲಿ ಹಳೆಯ ಬಂದರಿಗೆ ಇಳಿಸುತ್ತಾರೆ. ಫಿರಾ ಊರು ನೇರ ತಲೆಯ ಮೇಲೆಯೇ ಇದೆ, ಆದರೆ ಅಲ್ಲಿಗೇರಲು ಕೇಬಲ್ ಕಾರು, 580ಕ್ಕೂ ಹೆಚ್ಚು ಮೆಟ್ಟಿಲು ಅಥವಾ ಕತ್ತೆ, ಇಷ್ಟೇ ದಾರಿ. ಹಲವು ಹಡಗುಗಳು ಒಟ್ಟಿಗೆ ಬಂದ ದಿನ ಕೇಬಲ್ ಕಾರಿನ ಸಾಲು ಗಂಟೆಗಟ್ಟಲೆ ಬೆಳೆಯುತ್ತದೆ. ಹಡಗಿನವರ ಪ್ರವಾಸ ಕೊಂಡವರನ್ನು ಸಾಮಾನ್ಯವಾಗಿ ಮೊದಲ ದೋಣಿಗಳಲ್ಲಿ ಅಥಿನಿಯೋಸ್ ಬಂದರಿಗೆ ಒಯ್ದು ಬಸ್ಸಿನಲ್ಲಿ ಮೇಲಕ್ಕೆ ಹತ್ತಿಸುತ್ತಾರೆ. ಅಲ್ಲಿ ನಾವು ಕೊಟ್ಟ ಹಣ ಆ ಏರಿಗಾಗಿಯೇ.

ಇದನ್ನು ಓದುವ ಇತರರಿಗಾಗಿ ಒಂದು ಮಾತು: ಕಬಿನಿತೀರ ಅವರ ಬಂದರುಗಳೆಲ್ಲವೂ ಷೆಂಗೆನ್ ವಲಯದೊಳಗೇ, ಅಂದರೆ ಒಂದೇ ವೀಸಾದಲ್ಲಿ ತಿರುಗಾಡಬಹುದಾದ ಯುರೋಪಿನ ದೇಶಗಳ ಒಳಗೇ ಇವೆ. ಗ್ರೀಸ್ ಜೊತೆಗೆ ಟರ್ಕಿಯ ಕುಶಾದಸಿಯೂ ಇರುವ ಮಾರ್ಗವಾದರೆ ಭಾರತೀಯ ಪಾಸ್‌ಪೋರ್ಟ್ ಇರುವವರು ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವ ಷೆಂಗೆನ್ ವೀಸಾವನ್ನೇ ಕೇಳಿ ಪಡೆಯಬೇಕು. ಟರ್ಕಿಗೆ ಹೋಗಿ ಬಂದದ್ದು ವಲಯ ಬಿಟ್ಟು ಮರಳಿದಂತೆ ಎಣಿಕೆಯಾಗುತ್ತದೆ. ಅಲ್ಲದೆ ಇಟಲಿಗಿಂತ ಗ್ರೀಸ್‌ನ ಗಡಿಯಾರ ಒಂದು ಗಂಟೆ ಮುಂದಿದೆ. ಫೋನು ತೋರಿಸುವ ಸಮಯವನ್ನಲ್ಲ, ಹಡಗಿನ ಸಮಯವನ್ನೇ ಅನುಸರಿಸಬೇಕು.

ಕಬಿನಿತೀರ:
ಲಿವೋರ್ನೊ ಒಂದು ಉಳಿಯಿತು. ಫ್ಲಾರೆನ್ಸ್ ಬಿಟ್ಟರೆ ಮುಂದೆ ಕೊರಗುತ್ತೇವೆಯೇ?

ತೊರಿನೊದಿಂದ:
ಫ್ಲಾರೆನ್ಸ್ ಬಿಟ್ಟವರು ಕೊರಗುವುದು ಸಹಜ, ಆದರೆ ಮಂಗಳವಾರ ಫ್ಲಾರೆನ್ಸ್, ಬುಧವಾರ ರೋಮ್ ಎಂದರೆ ಎರಡು ದಿನ ಸತತವಾಗಿ ದೀರ್ಘ ಬಸ್ ಪ್ರಯಾಣ. ಗುರುವಾರ ತಾಯಿಯವರು ಕೋಣೆಯಲ್ಲೇ ಉಳಿದಾರು. ಲಿವೋರ್ನೊ ಸರಕು ಬಂದರಾದ್ದರಿಂದ ಒಳಗೆ ನಡೆದಾಡುವಂತಿಲ್ಲ, ಬಸ್ಸಿನಲ್ಲಿ ಊರಿನ ನಡುವಿಗೆ ಬಿಡುತ್ತಾರೆ. ಅಲ್ಲಿಂದ ರೈಲು ನಿಲ್ದಾಣಕ್ಕೆ ಹೋದರೆ ಪೀಸಾ ಕಾಲು ಗಂಟೆಯ ದಾರಿ. ಅಲ್ಲಿ ರೈಲು ಬದಲಿಸಿ ಪೀಸಾ ಸಾನ್ ರೊಸ್ಸೋರೆಯಲ್ಲಿ ಇಳಿದರೆ ವಾಲುಗೋಪುರ ಹತ್ತಿರ. ಎಂಟು ವರ್ಷ ತುಂಬದ ಮಕ್ಕಳನ್ನು ಗೋಪುರ ಹತ್ತಲು ಬಿಡುವುದಿಲ್ಲ, ನಿಮ್ಮ ಮಗಳು ಅಜ್ಜನ ಜೊತೆ ಹತ್ತಬಹುದು. ಅದೇ ಮಾರ್ಗದಲ್ಲಿ ಮುಂದೆ ಲುಕ್ಕಾ ಇದೆ. ಅದರ ಕೋಟೆಗೋಡೆಯ ಮೇಲೆ ಊರಿನ ಸುತ್ತ ನಾಲ್ಕು ಕಿಲೋಮೀಟರ್ ಅಗಲವಾದ, ಸಮತಟ್ಟಾದ, ಮರಗಳ ನೆರಳಿನ ದಾರಿಯಿದೆ. ಬಿಳಿಗಿರಿ ಅವರ ರೈಲಿನ ವಾದ ಇಲ್ಲಿ ಪೂರ್ತಿ ಸಲ್ಲುತ್ತದೆ, ಏಕೆಂದರೆ ರೈಲು ನಿಂತರೂ ಪೀಸಾದಿಂದ ಟ್ಯಾಕ್ಸಿಯ ಖರ್ಚು ಸಹಿಸುವಷ್ಟಿರುತ್ತದೆ.

ಕಬಿನಿತೀರ:
ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಓದಿ ಹೇಳಿದೆ. ಲಿವೋರ್ನೊದಿಂದ ರೈಲಿನಲ್ಲಿ ಪೀಸಾ, ಹೊತ್ತು ಉಳಿದರೆ ಲುಕ್ಕಾ. ರೋಮ್‌ಗೆ ಹಡಗಿನವರ ಬರಿಯ ಬಸ್ಸು. ನೇಪಲ್ಸ್‌ನಲ್ಲಿ ಟ್ಯಾಕ್ಸಿ ಹಿಡಿದು ಹರ್ಕ್ಯುಲೇನಿಯಂ ಎಂದು ತೀರ್ಮಾನವಾಗಿದೆ. ಕ್ಯಾಪ್ರಿ ಕೈಬಿಟ್ಟದ್ದಕ್ಕೆ ನಮ್ಮವರು ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಕೊನೆಯದಾಗಿ ಎರಡು ಸಂದೇಹ: ಹೆಸರಿರುವ ಟಿಕೆಟ್‌ಗಳಿಗೆ ಪಾಸ್‌ಪೋರ್ಟ್ ತೋರಿಸಬೇಕೆಂದಾದರೆ ಅದನ್ನು ಜೊತೆಯಲ್ಲೇ ಒಯ್ಯಬೇಕೆ? ಅಮ್ಮ ಶುದ್ಧ ಸಸ್ಯಾಹಾರಿ, ಮಧ್ಯಾಹ್ನದ ಊಟಕ್ಕೆ ಏನು ಮಾಡುವುದು?

ಹಳದಿಕೊಡೆ:
ಕೆಲವು ಹಡಗುಗಳಲ್ಲಿ ಹತ್ತುವಾಗಲೇ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರೆ. ಹಾಗಾದರೆ ಮಂಗಳವಾರ ಸಂಜೆಯೇ ಸ್ವಾಗತ ಕೌಂಟರಿಗೆ ಹೋಗಿ ಮರುದಿನಕ್ಕೆ ಬೇಕೆಂದು ಕೇಳಿ. ಬೆಳಿಗ್ಗೆ ಕೇಳಿದರೆ ಅಲ್ಲೂ ಸಾಲಿರುತ್ತದೆ. ಫೋಟೊಪ್ರತಿಯೊಂದು ಬೇರೆ ಚೀಲದಲ್ಲಿರಲಿ. ದಿನವೂ ಕೋಣೆಗೆ ಬರುವ ಕಾರ್ಯಕ್ರಮದ ಹಾಳೆಯಲ್ಲಿ ಬಂದರು ಏಜೆಂಟರ ಫೋನ್ ಸಂಖ್ಯೆ ಇರುತ್ತದೆ, ಅದರ ಚಿತ್ರ ತೆಗೆದುಕೊಳ್ಳಿ. ತಡವಾದರೆ ಮೊದಲು ಕರೆಮಾಡಬೇಕಾದದ್ದು ಅವರಿಗೆ.

ಊಟಕ್ಕೆ ನೇಪಲ್ಸ್‌ನಲ್ಲಿ ಯೋಚನೆಯೇ ಇಲ್ಲ. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಬಿಟ್ಟರೆ ಬೇರೇನಿಲ್ಲ, ಚೀಸ್ ಕೂಡ ಇಲ್ಲ. ಬೆಳ್ಳುಳ್ಳಿಯೂ ಆಗದಿದ್ದರೆ ಬೇಡವೆಂದು ಹೇಳಿದರೆ ಬಿಟ್ಟು ಮಾಡಿಕೊಡುತ್ತಾರೆ. ಪಾಸ್ತಾದ ಮೇಲೆ ಪಾರ್ಮೆಸಾನ್ ಉದುರಿಸಲು ಬಂದರೆ ಮಾತ್ರ ತಾಯಿಯವರ ತಟ್ಟೆಗೆ ಬೇಡವೆನ್ನಿ, ಆ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಹೆಪ್ಪುಗಟ್ಟಿಸುತ್ತಾರೆ.